ಮನೆಮಂದಿಯೆಲ್ಲ ಆಡುವ ಫೋಮ್ ಡಾರ್ಟ್ ಕಾಳಗಕ್ಕೆ ಯಾವ ಬ್ಲಾಸ್ಟರ್ ಕೊಳ್ಳಬೇಕು?

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿದ್ದೇವೆ. ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ನಮ್ಮ ಮಾವನವರೂ ಜೊತೆಗಿದ್ದಾರೆ. ಮಂಡಿ ನೋವಿದ್ದರೂ ಮೊಮ್ಮಕ್ಕಳ ಜೊತೆ ಆಡುವ ಉಮೇದು ಅವರಿಗೆ ಬಹಳ. ಗೆಳೆಯರ ಮನೆಯಲ್ಲಿ ಫೋಮ್ ಡಾರ್ಟ್ ಹಾರಿಸುವ ನರ್ಫ್ ಗನ್ ನೋಡಿ ಬಂದಾಗಿನಿಂದ ಮಕ್ಕಳು ಅದನ್ನೇ ಕೇಳುತ್ತಿದ್ದಾರೆ. ಮಗನಿಗೆ ಬ್ಯಾಟರಿಯಿಂದ ನಡೆಯುವ ದೊಡ್ಡದೇ ಬೇಕಂತೆ. ಬೇಸಿಗೆ ರಜೆಗೆ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಹೋದಾಗ ಅಣ್ಣ-ತಮ್ಮಂದಿರ ಮಕ್ಕಳೆಲ್ಲ ಸೇರಿ ಅಂಗಳದಲ್ಲೂ ಆಡುವಂತಿರಬೇಕು ಎಂಬುದು ನಮ್ಮ ಆಸೆ. ಯಾವುದನ್ನು ಕೊಳ್ಳಬೇಕು, ಎಷ್ಟು ಕೊಳ್ಳಬೇಕು, ಕಣ್ಣಿಗೆ ಅಪಾಯವಿಲ್ಲವೇ ಎಂಬುದನ್ನು ದಯವಿಟ್ಟು ತಿಳಿಸಿ. ಜಾತ್ರೆಯಲ್ಲಿ ಕೊಂಡ, ಹಳದಿ ಪ್ಲಾಸ್ಟಿಕ್ ಗುಂಡು ಹಾರಿಸುವ ಪಿಸ್ತೂಲೊಂದು ಮನೆಯಲ್ಲಿದೆ. ಅದನ್ನೂ ಇದೇ ಆಟಕ್ಕೆ ಸೇರಿಸಿಕೊಳ್ಳಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ. ಜಾತ್ರೆಯ ಆ ಪಿಸ್ತೂಲನ್ನು ಈ ಆಟದ ಹತ್ತಿರಕ್ಕೂ ತರಬೇಡಿ. ಅದರ ಗುಂಡು ಆರು ಮಿಲಿಮೀಟರ್ ಅಗಲದ ಗಟ್ಟಿ ಪ್ಲಾಸ್ಟಿಕ್ ಮಣಿ. ತೂಕ ಕಡಿಮೆಯೆಂದು ಅದು ನಿರಪಾಯವೆನಿಸಬಹುದು, ಆದರೆ ಅದರ ಪೆಟ್ಟೆಲ್ಲ ಒಂದು ಕಾಳುಮೆಣಸಿನಷ್ಟೇ ಜಾಗದ ಮೇಲೆ ಬೀಳುತ್ತದೆ, ಮಣಿಯೂ ಒಂದಿಷ್ಟೂ ಬಾಗುವುದಿಲ್ಲ. ಗೋಡೆಗೆ ಬಡಿದರೆ ಜೋರಾಗಿಯೇ ಪುಟಿದು ಯಾರ ಕಡೆಗಾದರೂ ತಿರುಗುತ್ತದೆ. ಮನುಷ್ಯರತ್ತ ಗುರಿಯಿಡುವ ಆಟಕ್ಕೆ ಅದು ತಕ್ಕುದಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಬ್ಲಾಸ್ಟರ್, ಅಂದರೆ ಫೋಮ್ ಡಾರ್ಟ್ ಹಾರಿಸುವ ಇಂಥ ಆಟಿಕೆ ಬಂದೂಕು, ಕೊಳ್ಳಲು ಹೊರಟವರು ಸಾಮಾನ್ಯವಾಗಿ ಯಾವುದು ಹೆಚ್ಚು ದೂರ ಹಾರಿಸುತ್ತದೆ, ಯಾವುದರಲ್ಲಿ ಹೆಚ್ಚು ಡಾರ್ಟ್ ಹಿಡಿಯುತ್ತದೆ ಎಂಬುದರಿಂದ ಲೆಕ್ಕ ಹಾಕತೊಡಗುತ್ತಾರೆ. ಡಬ್ಬಿಯ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದೂ ಅದೇ. ಆದರೆ ಮನೆಮಂದಿಯೆಲ್ಲ ಸೇರಿ ಆಡುವುದಾದರೆ ಲೆಕ್ಕವನ್ನು ಇನ್ನೊಂದು ತುದಿಯಿಂದ ಹಿಡಿಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ: ಆಟದಲ್ಲಿರುವ ಎಲ್ಲರಿಗಿಂತ ಚಿಕ್ಕ ಕೈ ಯಾರದೋ ಅವರು ಯಾರ ಸಹಾಯವೂ ಇಲ್ಲದೆ ಎಳೆದು, ತುಂಬಿ, ಹಾರಿಸಬಲ್ಲ ಬ್ಲಾಸ್ಟರ್ ಯಾವುದೆಂದು ಮೊದಲು ಗೊತ್ತುಮಾಡಿಕೊಂಡು, ಉಳಿದವರೆಲ್ಲರ ಬ್ಲಾಸ್ಟರುಗಳನ್ನು ಅದಕ್ಕೆ ಹೊಂದಿಸಬೇಕು. ಆರು ವರ್ಷದ ಹುಡುಗ ಪ್ರತಿ ಸಲವೂ ಓಡಿ ಬಂದು “ಅಪ್ಪಾ, ಇದನ್ನು ಎಳೆದುಕೊಡು” ಎನ್ನಬೇಕಾಗಿ ಬಂದರೆ, ಹತ್ತು ನಿಮಿಷದಲ್ಲಿ ಅವನು ಆಟದಿಂದ ಹೊರಬಿದ್ದಿರುತ್ತಾನೆ.

ಯಾವುದು ಯಾರಿಗೆ ಸರಿಯೆಂದು ತಿಳಿಯಲು ಇವುಗಳ ಒಳಗೆ ಏನು ನಡೆಯುತ್ತದೆಂಬುದನ್ನು ಸ್ವಲ್ಪ ಅರಿತಿರಬೇಕು. ಅಂಗಡಿಯಲ್ಲಿ ಸಿಗುವ ಡಾರ್ಟ್ ಬ್ಲಾಸ್ಟರುಗಳಲ್ಲಿ ಹೆಚ್ಚಿನವು ಎರಡು ಬಗೆ. ಮೊದಲನೆಯದು ಸ್ಪ್ರಿಂಗ್ ಬಗೆ. ಹಿಡಿಯನ್ನು ಹಿಂದಕ್ಕೆ ಎಳೆದಾಗ ಒಳಗಿನ ಕೊಳವೆಯಲ್ಲಿ ಒಂದು ಕೊಂತ (ಪಿಸ್ಟನ್) ಸ್ಪ್ರಿಂಗನ್ನು ಒತ್ತಿಕೊಂಡು ಹಿಂದೆ ಸರಿದು ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದಾಗ ಕೊಂಡಿ ಕಳಚಿ, ಕೊಂತ ಮುಂದಕ್ಕೆ ನುಗ್ಗಿ, ಅದು ತಳ್ಳಿದ ಗಾಳಿಯೇ ಡಾರ್ಟನ್ನು ಹೊರಗೆ ದೂಡುತ್ತದೆ. ಸೈಕಲ್ ಪಂಪಿನಲ್ಲಿ ನಡೆಯುವ ಕೆಲಸವೂ ಇದೇ. ಎರಡನೆಯದು ಮೋಟಾರಿನದು. ಇದರಲ್ಲಿ ಗಾಳಿಯ ಪಾತ್ರವೇ ಇಲ್ಲ. ಎದುರುಬದುರಾಗಿ ತಿರುಗುವ ಎರಡು ಗಾಲಿಗಳ ನಡುವಿನ ಸಂದಿಗೆ ಡಾರ್ಟನ್ನು ನೂಕಿದಾಗ ಗಾಲಿಗಳು ಅದನ್ನು ಹಿಂಡಿ ಮುಂದಕ್ಕೆ ಎಸೆಯುತ್ತವೆ. ಕ್ರಿಕೆಟ್ ಅಭ್ಯಾಸಕ್ಕೆ ಬಳಸುವ ಬೌಲಿಂಗ್ ಯಂತ್ರಗಳಲ್ಲಿ ಹಲವು ಕೆಲಸ ಮಾಡುವುದೂ ಹೀಗೆಯೇ.

ನಿಮ್ಮ ಮಗನ ಮನಸ್ಸು ಮೋಟಾರಿನ ಮೇಲಿದೆ. ಅದರಲ್ಲಿ ಒಂದು ನಿಜವಾದ ಅನುಕೂಲವಿದೆಯೆಂಬುದನ್ನು ಒಪ್ಪಬೇಕು: ಎಳೆಯಲು ಬಲವೇ ಬೇಡ. ಆದರೆ ಉಳಿದ ತೊಡಕುಗಳು ಆರು ವರ್ಷದ ಕೈಗೆ ಬಹಳ. ಸ್ಟ್ರೈಫ್‌ನಂಥ ಹೆಸರಾಂತ ಮೋಟಾರ್ ಬ್ಲಾಸ್ಟರಿನಲ್ಲಿ ಎರಡು ಟ್ರಿಗರುಗಳಿರುತ್ತವೆ. ಕೆಳಗಿನದನ್ನು ಒತ್ತಿ ಹಿಡಿದು, ಗಾಲಿಗಳು ಪೂರ್ಣ ವೇಗಕ್ಕೆ ಬರುವವರೆಗೆ ಕಾದು, ಆಮೇಲೆ ಮೇಲಿನದನ್ನು ಒತ್ತಬೇಕು. ಚಿಕ್ಕ ಮಕ್ಕಳು ಕಾಯುವುದಿಲ್ಲ; ಎರಡನ್ನೂ ಒಟ್ಟಿಗೆ ಒತ್ತುತ್ತಾರೆ. ಆಗ ಡಾರ್ಟ್ ಅರ್ಧ ತಿರುಗಿದ ಗಾಲಿಗಳ ನಡುವೆ ಸಿಕ್ಕಿ ನಿಲ್ಲುತ್ತದೆ, ಇಲ್ಲವೇ ಕಾಲ ಬುಡದಲ್ಲೇ ಬೀಳುತ್ತದೆ. ಸಿಕ್ಕಿಕೊಂಡಿದ್ದನ್ನು ತೆಗೆಯಲು ಮೇಲಿನ ಮುಚ್ಚಳ ತೆರೆಯಬೇಕು, ಅದಕ್ಕೆ ದೊಡ್ಡವರು ಬರಬೇಕು. ಮೇಲಾಗಿ ಇದಕ್ಕೆ ನಾಲ್ಕು ಎಎ ಸೆಲ್‌ಗಳು ಬೇಕು. ರಿಮೋಟಿಗೂ ಗಡಿಯಾರಕ್ಕೂ ಹಾಕುವ ಅಗ್ಗದ ಮಾಮೂಲಿ ಸೆಲ್‌ಗಳು ಮೋಟಾರು ಕೇಳುವಷ್ಟು ಕರೆಂಟನ್ನು ಕೊಡಲಾರವು. ಹೊಸ ಸೆಲ್ ಹಾಕಿದರೂ ಡಾರ್ಟ್ ಸೋತು ಬೀಳುತ್ತಿದೆಯೆಂದು ದೂರುವವರ ಬ್ಲಾಸ್ಟರನ್ನು ತೆರೆದು ನೋಡಿದರೆ ಬಹಳ ಸಲ ಕಾಣುವುದು ಇದೇ. ಆಲ್ಕಲೈನ್ ಸೆಲ್ ಹಾಕಬೇಕು. ವೇಗ ಹೆಚ್ಚಿಸುವ ಆಸೆಯಿಂದ ಅದೇ ಅಳತೆಯ ಹೆಚ್ಚು ವೋಲ್ಟಿನ ಲಿಥಿಯಂ ಸೆಲ್‌ಗಳನ್ನು ತುರುಕುವ ವಿಡಿಯೋಗಳು ಹೇರಳವಾಗಿವೆ. ಮಕ್ಕಳಿರುವ ಮನೆಯಲ್ಲಿ ಆ ಸಾಹಸ ಖಂಡಿತ ಬೇಡ, ತಂತಿ ಮತ್ತು ಮೋಟಾರು ಕಾದು ಸುಡುವ ಸಂಭವವಿದೆ. ಇಷ್ಟೆಲ್ಲದರ ಮೇಲೆ ಸದ್ದು. ಗಾಲಿಗಳು ತಿರುಗುವ ಕೀರಲು ಸದ್ದು ಫ್ಲ್ಯಾಟಿನ ಕೆಳಗಿನ ಮನೆಯವರಿಗೂ ಕೇಳಿಸುತ್ತದೆ.

ಆದ್ದರಿಂದ ನಿಮಗೆ ನಾನು ಹೇಳುವುದು ಸ್ಪ್ರಿಂಗ್ ಬಗೆಯದನ್ನೇ. ಅದರಲ್ಲೂ ಮುಂದೆ ಆರು ತೂತುಗಳ, ತಾನಾಗಿ ತಿರುಗುವ ಡ್ರಮ್ ಇರುವಂಥದ್ದನ್ನು. ನರ್ಫ್‌ನ ಡಿಸ್ರಪ್ಟರ್, ಎಲೀಟ್ 2.0 ಸಾಲಿನ ಕಮಾಂಡರ್ ಈ ಬಗೆಯವು. ಡ್ರಮ್ಮಿನ ಗುಣವೆಂದರೆ ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಎಷ್ಟು ಡಾರ್ಟ್ ಉಳಿದಿವೆಯೆಂದು ಮಗು ತಾನೇ ಎಣಿಸಬಲ್ಲದು, ಮುಂದಿನಿಂದ ಒಂದೊಂದಾಗಿ ತೂರಿಸಿ ತಾನೇ ತುಂಬಬಲ್ಲದು. ಬಂದೂಕಿನ ಹೊಟ್ಟೆಗೆ ಕೆಳಗಿನಿಂದ ಸಿಕ್ಕಿಸುವ ಮ್ಯಾಗಝೀನ್ ನೋಡಲು ಗತ್ತಾಗಿದ್ದರೂ ಅದರೊಳಗಿನ ಸ್ಪ್ರಿಂಗಿನ ವಿರುದ್ಧ ಡಾರ್ಟುಗಳನ್ನು ಓರೆಯಾಗದಂತೆ ಒತ್ತಿ ತುಂಬುವುದು ಚಿಕ್ಕ ಬೆರಳುಗಳಿಗೆ ಕಷ್ಟ. ಒಂದು ಓರೆಯಾದರೆ ಎಲ್ಲವೂ ಕಟ್ಟಿಕೊಳ್ಳುತ್ತವೆ. ಆರು ಡಾರ್ಟ್ ಮುಗಿದಾಗ ಮತ್ತೆ ತುಂಬಲೇಬೇಕಲ್ಲ, ಆ ಬಿಡುವೇ ಆಟಕ್ಕೆ ಸೊಗಸು ಕೊಡುತ್ತದೆ. ಎದುರಾಳಿಯ ಡ್ರಮ್ ಖಾಲಿಯಾಯಿತೆಂದು ಗೊತ್ತಾದ ಗಳಿಗೆಯಲ್ಲಿ ಸೋಫಾದ ಹಿಂದಿನಿಂದ ಎದ್ದು ಓಡುವ ಮಗುವಿನ ಮುಖ ನೋಡಬೇಕು. ಇಪ್ಪತ್ತೈದು ಡಾರ್ಟ್ ಹಿಡಿಯುವ ಮೋಟಾರಿನ ಎದುರು ಆ ಗಳಿಗೆ ಬರುವುದೇ ಇಲ್ಲ. ಮಗಳು ಆಟದಲ್ಲಿ ಪಳಗಿದ ಮೇಲೆ ಟ್ರಿಗರನ್ನು ಒತ್ತಿ ಹಿಡಿದೇ ಹಿಡಿಯನ್ನು ಬೇಗಬೇಗನೆ ಎಳೆದೆಳೆದು ಆರನ್ನೂ ಒಂದರ ಹಿಂದೆ ಒಂದರಂತೆ ಹಾರಿಸುವ ಸೌಲಭ್ಯವೂ ಈ ಎರಡರಲ್ಲೂ ಇದೆ. ಅವಳಿಗೆ ಅಷ್ಟು ವೇಗ ಸಾಕು.

ಮಗನ ವಿಷಯದಲ್ಲಿ ಒಂದು ಎಚ್ಚರಿಕೆ. ಎಲೀಟ್ ಸಾಲಿನ ಈ ಬ್ಲಾಸ್ಟರುಗಳ ಡಬ್ಬಿಯ ಮೇಲೆ ಎಂಟು ವರ್ಷ ಮೇಲ್ಪಟ್ಟವರಿಗೆ ಎಂದಿರುತ್ತದೆ, ಅದಕ್ಕೆ ಎಳೆಯಲು ಬೇಕಾದ ಬಲವೂ ಒಂದು ಕಾರಣವೆಂದು ತಿಳಿಯಿರಿ. ಚಿಕ್ಕದಾಗಿ ಕಾಣುವ ಒಂಟಿ ಡಾರ್ಟಿನ ಜೋಲ್ಟ್‌ನಂಥವು ಮಗುವಿಗೆ ಸುಲಭವೆಂದು ತಂದುಕೊಡುವವರಿದ್ದಾರೆ. ಆದರೆ ಬ್ಲಾಸ್ಟರ್ ಚಿಕ್ಕದಾದ ಮಾತ್ರಕ್ಕೆ ಸ್ಪ್ರಿಂಗ್ ಮೃದುವಾಗುವುದಿಲ್ಲ. ಅದನ್ನು ಎರಡೇ ಬೆರಳಿಗೆ ಸಿಗುವ ಹಿಡಿಯಿಂದ ಎಳೆಯಬೇಕಾದ್ದರಿಂದ ಚಿಕ್ಕವರಿಗೆ ಅದೇ ಹೆಚ್ಚು ಕಠಿಣ. ಆರು ವರ್ಷದವರಿಗೆಂದೇ ಎಲೀಟ್ ಜೂನಿಯರ್ ಎಂಬ ಸಾಲು ಬಂದಿದೆ. ಇದರ ಹಿಡಿ ದೊಡ್ಡದು, ಎಳೆಯಲು ಹಗುರ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಅದು ಹಾರಿಸುವುದು ದೊಡ್ಡವರ ಎಲೀಟ್ ಡಾರ್ಟನ್ನೇ. ಸಾಧ್ಯವಿದ್ದರೆ ಮಗನನ್ನೇ ಅಂಗಡಿಗೆ ಕರೆದೊಯ್ದು, ಮಾದರಿಗೆಂದು ಹೊರಗಿಟ್ಟಿರುವ ಬ್ಲಾಸ್ಟರನ್ನು ಅವನ ಕೈಗೆ ಕೊಟ್ಟು, ಒಂದರ ಹಿಂದೆ ಒಂದು ಆರು ಸಲ ಎಳೆಸಿ ನೋಡಿ. ಮೊದಲ ಎರಡು ಸಲವನ್ನು ಯಾವ ಮಗುವಾದರೂ ಉತ್ಸಾಹದಲ್ಲಿ ಎಳೆದುಬಿಡುತ್ತದೆ. ಐದನೆಯ ಸಲ ಬ್ಲಾಸ್ಟರನ್ನು ಹೊಟ್ಟೆಗೊತ್ತಿಕೊಂಡು, ತುಟಿ ಕಚ್ಚಿ, ಎರಡೂ ಕೈಯಿಂದ ಎಳೆಯತೊಡಗಿದನೆಂದರೆ ಅದು ಅವನಿಗೆ ಇನ್ನೂ ಹೊತ್ತಾಗಿಲ್ಲ. ಹಾಗೆ ಮೈಗೊತ್ತಿಕೊಂಡು ಎಳೆಯುವುದು ಕೇವಲ ಕಷ್ಟವಲ್ಲ, ಅಪಾಯವೂ ಹೌದು. 2008ರಲ್ಲಿ ಅಮೆರಿಕದಲ್ಲಿ ನರ್ಫ್‌ನ ರೀಕಾನ್ ಎಂಬ ಬ್ಲಾಸ್ಟರುಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹಿಂದಕ್ಕೆ ಕರೆಸಿದ್ದು ಅದರ ಹಿಂಬದಿಯ ಕೊಂತ ಮುಖದ, ಕತ್ತಿನ ಚರ್ಮವನ್ನು ಚಿವುಟುತ್ತಿದ್ದುದರಿಂದಲೇ.

ಡಾರ್ಟಿನ ವಿಷಯಕ್ಕೆ ಬರುತ್ತೇನೆ. ಹಣ ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲೇ. ಅಂಗಡಿಯ ಸಾಲಿನಲ್ಲಿ ಒಂದರ ಪಕ್ಕ ಒಂದಿರುವ ಬ್ಲಾಸ್ಟರುಗಳು ಒಂದೇ ಕಂಪನಿಯವಾದರೂ ಒಂದೇ ಡಾರ್ಟ್ ಹಾರಿಸುವುದಿಲ್ಲ. 2012ರಲ್ಲಿ ಬಂದ ಎಲೀಟ್ ಡಾರ್ಟ್ ಸುಮಾರು ಏಳು ಸೆಂಟಿಮೀಟರ್ ಉದ್ದ, ಒಂದೂಕಾಲು ಸೆಂಟಿಮೀಟರ್ ದಪ್ಪ, ಒಂದು ಗ್ರಾಂ ತೂಕದ್ದು. ಮೆಗಾ ಎಂಬುದು ಇದಕ್ಕಿಂತ ದಪ್ಪ. 2015ರ ರೈವಲ್ ಹಾರಿಸುವುದು ಡಾರ್ಟನ್ನಲ್ಲ, ಫೋಮ್ ಚೆಂಡನ್ನು. 2019ರಲ್ಲಿ ಬಂದ ಅಲ್ಟ್ರಾ ತನ್ನದೇ ಡಾರ್ಟ್ ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ. 2024ರ ಎನ್ ಸಾಲಿನ ಡಾರ್ಟುಗಳೂ ಹಳೆಯ ಎಲೀಟ್ ಬ್ಲಾಸ್ಟರಿಗೆ ಹೊಂದುವುದಿಲ್ಲ, ಹಳೆಯವು ಹೊಸದಕ್ಕೂ ಹೊಂದುವುದಿಲ್ಲ. ನಾಲ್ವರು ನಾಲ್ಕು ಬಗೆಯ ಬ್ಲಾಸ್ಟರ್ ಹಿಡಿದ ಮನೆಯಲ್ಲಿ ಆಟವೆಂದರೆ ನೆಲದಿಂದ ಹೆಕ್ಕಿದ ಡಾರ್ಟ್ ತನ್ನದಕ್ಕೆ ಹಿಡಿಯುವುದಿಲ್ಲವೆಂಬ ಜಗಳವೇ. ಆದ್ದರಿಂದ ಎಲೀಟ್ ಅಳತೆಯೊಂದನ್ನೇ ಹಿಡಿಯಿರಿ. ಜುರು ಕಂಪನಿಯ ಎಕ್ಸ್-ಶಾಟ್ ಬ್ಲಾಸ್ಟರುಗಳಲ್ಲೂ ಬಹುಪಾಲು ಇದೇ ಅಳತೆಯ ಡಾರ್ಟ್ ಬಳಸುತ್ತವೆ. ಬೆಲೆ ಸಾಮಾನ್ಯವಾಗಿ ಕಡಿಮೆ, ಕೆಲಸದಲ್ಲಿ ಕಡಿಮೆಯೇನಲ್ಲ. ಊರಿನಲ್ಲಿ ಸೇರುವ ಅಣ್ಣ-ತಮ್ಮಂದಿರ ಮನೆಯವರಿಗೂ ಈ ಮಾತನ್ನು ಮೊದಲೇ ತಿಳಿಸಿಟ್ಟರೆ ರಜೆಯಲ್ಲಿ ಎಲ್ಲರ ಡಾರ್ಟುಗಳೂ ಒಂದೇ ಬುಟ್ಟಿಗೆ ಬೀಳುತ್ತವೆ.

ವೇಗದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ “ಹೆಚ್ಚು ವೇಗ, ಹೆಚ್ಚು ಮಜಾ” ಎಂಬ ನಂಬಿಕೆ ಬಲವಾಗಿ ಬೇರುಬಿಟ್ಟಿದೆ. ಎಲೀಟ್ ಬಗೆಯ ಬ್ಲಾಸ್ಟರಿನಿಂದ ಡಾರ್ಟ್ ಸೆಕೆಂಡಿಗೆ ಸುಮಾರು 21 ಮೀಟರ್ ವೇಗದಲ್ಲಿ ಹೊರಡುತ್ತದೆ. ಡಬ್ಬಿಯ ಮೇಲೆ 27 ಮೀಟರ್ ದೂರ ಹೋಗುತ್ತದೆಂದು ಬರೆದಿದ್ದರೂ ಅದು ಬ್ಲಾಸ್ಟರನ್ನು ಆಕಾಶದತ್ತ ಓರೆಯಾಗಿ ಎತ್ತಿ ಹಾರಿಸಿದಾಗ ಹೆಚ್ಚೆಂದರೆ ತಲುಪಬಹುದಾದ ದೂರ. ಹಗುರವಾದ ಫೋಮನ್ನು ಗಾಳಿ ಬಹು ಬೇಗ ತಡೆಯುತ್ತದೆ. ಎದೆಯ ಮಟ್ಟದಿಂದ ನೇರವಾಗಿ ಹಾರಿಸಿದರೆ ಎಂಟು-ಒಂಬತ್ತು ಮೀಟರಿಗೆ ನೆಲ ಸೇರುತ್ತದೆ. ನಿಮ್ಮ ಹಾಲ್ ಉದ್ದುದ್ದಕ್ಕೆ ಐದಾರು ಮೀಟರ್ ಇದ್ದೀತು. ಅಂದಮೇಲೆ ಮನೆಯೊಳಗೆ ದೂರದ ಸಮಸ್ಯೆಯೇ ಇಲ್ಲ. ಎಲ್ಲ ಬ್ಲಾಸ್ಟರುಗಳೂ ಎಲ್ಲ ಮೂಲೆಗೂ ಮುಟ್ಟುತ್ತವೆ.

ಇನ್ನು ಸಮಯವನ್ನು ನೋಡಿ. ಏಳು ಮೀಟರ್ ದೂರದಿಂದ ಬರುವ ಎಲೀಟ್ ಡಾರ್ಟಿಗೆ ಸುಮಾರು 0.4 ಸೆಕೆಂಡ್ ಹಿಡಿಯುತ್ತದೆ. ಕಣ್ಣು ಕಂಡದ್ದಕ್ಕೆ ಮೈ ಸ್ಪಂದಿಸಲು ದೊಡ್ಡವರಿಗೆ ಸುಮಾರು ಕಾಲು ಸೆಕೆಂಡ್ ಬೇಕು, ಮಕ್ಕಳಿಗೆ ಇನ್ನೂ ತುಸು ಹೆಚ್ಚು. ಅಂದರೆ ಬಾಗಿ ತಪ್ಪಿಸಿಕೊಳ್ಳುವ ಸಂದು ಕಷ್ಟದಿಂದಲಾದರೂ ಉಳಿಯುತ್ತದೆ. ಈ ಆಟದ ಜೀವ ಇರುವುದೇ ಆ ಸಂದಿನಲ್ಲಿ. ಈಗ ಹವ್ಯಾಸಿಗಳಿಗೆಂದು ಬಂದಿರುವ, ಗಿಡ್ಡ ಡಾರ್ಟ್ ಹಾರಿಸುವ ಬಲವಾದ ಬ್ಲಾಸ್ಟರುಗಳಿವೆ. ಅವುಗಳಲ್ಲಿ ಡಾರ್ಟ್ ಸೆಕೆಂಡಿಗೆ 45 ಮೀಟರ್ ವೇಗವನ್ನೂ ಮೀರುತ್ತದೆ. ನಾಲ್ಕು ಮೀಟರ್ ಅಂತರದಲ್ಲಿ ಅದು ಮುಟ್ಟಲು ಬೇಕಾದದ್ದು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ. ಅದನ್ನು ಯಾರೂ ತಪ್ಪಿಸಿಕೊಳ್ಳಲಾರರು. ಪೆಟ್ಟಿನ ಲೆಕ್ಕ ಇದಕ್ಕಿಂತ ಕಠೋರ: ಶಕ್ತಿ ಹೆಚ್ಚುವುದು ವೇಗದ ವರ್ಗದಂತೆ. ಒಂದು ಗ್ರಾಂ ಡಾರ್ಟ್ 21 ಮೀಟರ್ ವೇಗದಲ್ಲಿ ಹೊತ್ತಿರುವ ಶಕ್ತಿ ಸುಮಾರು 0.22 ಜೂಲ್; ಅದೇ ತೂಕ 45 ಮೀಟರ್ ವೇಗಕ್ಕೆ ಏರಿದರೆ ಒಂದು ಜೂಲ್. ವೇಗ ಎರಡು ಪಟ್ಟು ಚಿಲ್ಲರೆಯಾದರೆ ಪೆಟ್ಟು ನಾಲ್ಕು ಪಟ್ಟನ್ನೂ ಮೀರಿತು. ಬಯಲಿನಲ್ಲಿ, ಪೂರ್ತಿ ಮುಖಕವಚ ತೊಟ್ಟು ಆಡುವ ದೊಡ್ಡವರಿಗೆ ಅದು ಒಳ್ಳೆಯ ಹವ್ಯಾಸವೇ. ಆರು ವರ್ಷದವನೂ ಅಜ್ಜನೂ ಆಡುವ ಹಾಲಿಗೆ ಅದು ಬರಕೂಡದು. ರೈವಲ್ ಚೆಂಡುಗಳ ಡಬ್ಬಿಯ ಮೇಲೆ 14 ವರ್ಷ ಮೇಲ್ಪಟ್ಟವರಿಗೆ ಎಂದು ಬರೆದಿರುವುದನ್ನೂ ಹಾಗೆಯೇ ಗೌರವಿಸಿ. ಆಟಿಕೆಗಳ ಗುಣಮಟ್ಟದ ಬಗ್ಗೆ ನಮ್ಮ ಸರ್ಕಾರದ ಆದೇಶ ಅನ್ವಯಿಸುವುದು 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಎಂಬುದು ನೆನಪಿರಲಿ.

1970ರಲ್ಲಿ ಅಮೆರಿಕದ ಪಾರ್ಕರ್ ಬ್ರದರ್ಸ್ ಕಂಪನಿ ನರ್ಫ್ ಹೆಸರಿನಲ್ಲಿ ಮಾರಿದ್ದು ಬರೀ ಒಂದು ಫೋಮ್ ಚೆಂಡು. ರೇನ್ ಗೈಯರ್ ಎಂಬುವರ ಕಲ್ಪನೆ ಅದು. ಮನೆಯೊಳಗೆ ಎಸೆದರೂ ದೀಪ ಒಡೆಯದು, ಕಿಟಕಿ ಒಡೆಯದು ಎಂಬುದೇ ಅದರ ಹೆಚ್ಚುಗಾರಿಕೆಯಾಗಿತ್ತು. ಡಾರ್ಟ್ ಹಾರಿಸುವ ಬ್ಲಾಸ್ಟರ್ ಬಂದದ್ದು 1992ರಲ್ಲಿ. ನಿಮ್ಮಂಥ ಮನೆಗೆ ಬೇಕಾದದ್ದು ಆ ಮೊದಲ ಚೆಂಡಿನ ಗುಣವೇ ಹೊರತು ಈಚಿನ ವರ್ಷಗಳ ವೇಗದ ಪೈಪೋಟಿಯಲ್ಲ.

ಕಣ್ಣಿನ ಬಗ್ಗೆ ನೀವು ಕೇಳಿದ್ದೀರಿ. ಅಪಾಯವಿದೆ, ಮತ್ತು ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯ ವೈದ್ಯರು 2017ರಲ್ಲಿ ಮೂವರ ಪ್ರಕರಣವನ್ನು ಪ್ರಕಟಿಸಿದರು: ಇಬ್ಬರು ದೊಡ್ಡವರು, ಒಬ್ಬ ಹನ್ನೊಂದು ವರ್ಷದ ಹುಡುಗ. ಮೂವರಿಗೂ ಫೋಮ್ ಡಾರ್ಟ್ ಕಣ್ಣಿಗೆ ಬಡಿದು, ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಮತ್ತು ಅದರ ಹಿಂದಿನ ಬಣ್ಣದ ಪೊರೆಯ ನಡುವೆ ರಕ್ತ ಸುರಿದಿತ್ತು. ಚಿಕಿತ್ಸೆಯಿಂದ ರಕ್ತ ಕರಗಿತಾದರೂ, ಈ ಆಟಕ್ಕೆ ಕಣ್ಣಿನ ರಕ್ಷಣೆ ಬೇಕೆಂದು ವೈದ್ಯರು ಸಲಹೆ ಮಾಡಿದರು. ಬಾಗದ ಗಟ್ಟಿ ತಲೆಯ ನಕಲಿ ಡಾರ್ಟುಗಳ ಬಗ್ಗೆಯೂ ಅವರು ಎಚ್ಚರಿಸಿದ್ದರು. ಹೀಗಾಗಿ ಬ್ಲಾಸ್ಟರಿನ ಹಣದಲ್ಲೇ ಕನ್ನಡಕದ ಹಣವನ್ನೂ ಸೇರಿಸಿ ಲೆಕ್ಕ ಹಾಕಿ. ಎರಡಕ್ಕೂ ಹಣ ಸಾಲದಿದ್ದರೆ ಒಂದು ಬ್ಲಾಸ್ಟರ್ ಕಡಿಮೆ ಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ರೈಂಡಿಂಗ್ ಕೆಲಸದವರು ಹಾಕುವ, ಪಕ್ಕಗಳೂ ಮುಚ್ಚಿರುವ ಪಾರದರ್ಶಕ ಪಾಲಿಕಾರ್ಬೊನೇಟ್ ಕನ್ನಡಕಗಳು ದುಬಾರಿಯಲ್ಲ. ಆದರೆ ಅವು ದೊಡ್ಡವರ ಅಳತೆಯವು. ಮಗನ ಮುಖಕ್ಕೆ ಹಾಕಿದಾಗ ಕೆನ್ನೆಯ ಬಳಿ ಬೆರಳು ತೂರುವಷ್ಟು ಸಂದಿ ಉಳಿದರೆ ಡಾರ್ಟೂ ತೂರೀತು, ಅವನಿಗೆ ಹಿಂದಿನಿಂದ ಪಟ್ಟಿ ಬಿಗಿಯುವ ಮಕ್ಕಳ ಅಳತೆಯದ್ದೇ ಬೇಕು. ಓದುವ ಕನ್ನಡಕ ರಕ್ಷಣೆಯಲ್ಲ. ಮಾವನವರು ಕನ್ನಡಕದವರಾದರೆ ಅದರ ಮೇಲೆಯೇ ಧರಿಸಬಹುದಾದ ಅಗಲ ಗಾಗಲ್ ಕೊಡಿ, ಮತ್ತು ಅವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿದ್ದರೆ ಅವರ ವೈದ್ಯರನ್ನು ಕೇಳಿದ ಮೇಲೆಯೇ ಆಟಕ್ಕೆ ಸೇರಿಸಿಕೊಳ್ಳಿ.

ಎಷ್ಟೇ ಎಚ್ಚರ ವಹಿಸಿದರೂ ಯಾರಿಗಾದರೂ ಕಣ್ಣಿಗೆ ಪೆಟ್ಟು ಬಿದ್ದರೆ ಉಜ್ಜಲು ಬಿಡಬೇಡಿ, ಒತ್ತಬೇಡಿ, ಮನೆಯಲ್ಲಿರುವ ಯಾವುದೋ ಡ್ರಾಪ್ಸ್ ಹಾಕಬೇಡಿ. ನೋವು ನಿಲ್ಲದಿದ್ದರೆ, ದೃಷ್ಟಿ ಮಸುಕಾದರೆ, ಬೆಳಕು ಚುಚ್ಚಿದಂತಾದರೆ, ಇಲ್ಲವೇ ಕಪ್ಪುಗುಡ್ಡೆಯ ಮುಂದೆ ಕೆಂಪು ಕಂಡರೆ, ಬೆಳಿಗ್ಗೆಯವರೆಗೆ ಕಾಯದೆ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಆಸ್ಪಿರಿನ್ ಮತ್ತು ಐಬುಪ್ರೊಫೇನ್ ರಕ್ತಸ್ರಾವವನ್ನು ಹೆಚ್ಚಿಸಬಲ್ಲವಾದ್ದರಿಂದ ಆ ಮಾತ್ರೆಗಳನ್ನು ಕೊಡಬೇಡಿ.

ಇನ್ನು ಕೊಳ್ಳುವ ಕೆಲಸ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಬ್ಯಾಟರಿ ಇಲ್ಲದ ಆಟಿಕೆಗಳಿಗೆ ಐಎಸ್ 9873, ವಿದ್ಯುತ್ತಿನಿಂದ ನಡೆಯುವವಕ್ಕೆ ಐಎಸ್ 15644 ಎಂಬ ಮಾನದಂಡಗಳಿವೆ. ಗುರುತಿನ ಮೇಲೆ ಮಾನದಂಡದ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅದು ಯಾರದೆಂದು ಅಲ್ಲೇ ತಿಳಿಯುತ್ತದೆ. ಡಬ್ಬಿಯೇ ಇಲ್ಲದೆ ಪ್ಲಾಸ್ಟಿಕ್ ಚೀಲದಲ್ಲಿ ಸಿಗುವ ಸಾಫ್ಟ್ ಬುಲೆಟ್ ಗನ್ನುಗಳನ್ನು, ಹಿತ್ತಾಳೆ ಬಣ್ಣದ ಕವಚ ಹೊರಗೆ ಉಗುಳುವ, ನಿಜವಾದ ಪಿಸ್ತೂಲಿನ ಪಡಿಯಚ್ಚಿನಂತಿರುವ ಕಪ್ಪು ಆಟಿಕೆಗಳನ್ನು ಬಿಟ್ಟುಬಿಡಿ. ನೀಲಿ, ಕಿತ್ತಳೆ, ಹಳದಿ ಬಣ್ಣದ ಬ್ಲಾಸ್ಟರನ್ನು ಯಾರೂ ದೂರದಿಂದ ನೋಡಿ ನಿಜವಾದ ಬಂದೂಕೆಂದು ಬೆಚ್ಚಿಬೀಳುವುದಿಲ್ಲ. ವಿಮಾನದಲ್ಲಿ ಹೋಗುವಾಗ ಯಾವುದೇ ಆಟಿಕೆ ಬಂದೂಕನ್ನು ಕೈಚೀಲದಲ್ಲಿಡದೆ, ಒಪ್ಪಿಸುವ ಸಾಮಾನಿನಲ್ಲಿಡುವುದು ಕ್ಷೇಮ.

ಬಿಡಿ ಡಾರ್ಟ್ ಕೊಳ್ಳುವಾಗ ಒಂದು ಪೊಟ್ಟಣ ಬಿಚ್ಚಿ ಪರೀಕ್ಷಿಸಿ ನೋಡಿದ ಮೇಲೆ ಉಳಿದದ್ದನ್ನು ಕೊಳ್ಳಿ. ಡಾರ್ಟಿನ ತಲೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ರಬ್ಬರಿನಂತೆ ತಗ್ಗಿ ಮತ್ತೆ ಮೇಲೇಳಬೇಕು. ಉಗುರಿನಿಂದ ಕುಟ್ಟಿದಾಗ ಟಕ್ ಎಂದು ಗಟ್ಟಿ ಸದ್ದು ಬಂದರೆ ಅದು ಬೇಡ. ಆಮೇಲೆ ಒಂದು ಕೈಯಲ್ಲಿ ಫೋಮನ್ನೂ ಇನ್ನೊಂದರಲ್ಲಿ ತಲೆಯನ್ನೂ ಹಿಡಿದು ಮೆಲ್ಲನೆ ತಿರುಚಿ. ಅಂಟು ಸಡಿಲವಾಗಿ ತಲೆ ಕೈಗೆ ಬಂದರೆ ಅಂಥ ಡಾರ್ಟ್ ಮಗುವಿನ ಬಾಯಿಗೆ ಹೋಗಬಲ್ಲ ಚೂರಾಗುತ್ತದೆ. ಗಾಜಿಗೆ ಅಂಟಿಕೊಳ್ಳುವ ಬಟ್ಟಲಿನಂಥ ತಲೆಯ ಡಾರ್ಟುಗಳನ್ನಂತೂ ತರಲೇಬೇಡಿ. ಮಕ್ಕಳು ಕೈ ಖಾಲಿಯಿಲ್ಲದಾಗ ಡಾರ್ಟನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಾರೆ. ಅಂಥ ಅಗ್ಗದ ಡಾರ್ಟ್ ಗಂಟಲಿಗೆ ಅಂಟಿ ಮಕ್ಕಳು ಸತ್ತದ್ದರಿಂದಲೇ 2010ರಲ್ಲಿ ಅಮೆರಿಕದಲ್ಲಿ ಒಂದು ಆಟಿಕೆಯನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಯಾವುದೇ ಡಾರ್ಟ್ ಬಾಯಿಗೆ ಹೋಗಕೂಡದು ಎಂಬುದನ್ನು ಮೊದಲ ದಿನವೇ ಕಲಿಸಿ. ಮೂರು ವರ್ಷದೊಳಗಿನ ಮಗು ಅಥವಾ ನಾಯಿಮರಿ ಇರುವ ಮನೆಯಲ್ಲಿ ಆಟ ಮುಗಿದೊಡನೆ ಡಾರ್ಟ್ ಎಣಿಸಿ ಎತ್ತಿಡಬೇಕು. ನುಂಗಿದ ಫೋಮ್ ನಾಯಿಯ ಕರುಳಿಗೆ ಅಡ್ಡವಾಗುತ್ತದೆ.

ಎಷ್ಟು ಕೊಳ್ಳಬೇಕೆಂದರೆ, ನಿಮ್ಮ ಮನೆಗೆ ನಾಲ್ಕು ಬ್ಲಾಸ್ಟರ್ ಸಾಕು: ಮಗನಿಗೆ ಜೂನಿಯರ್ ಬಗೆಯದೊಂದು, ಮಗಳಿಗೂ ದೊಡ್ಡವರಿಗೂ ಒಂದೇ ಮಾದರಿಯ ಡ್ರಮ್ ಬ್ಲಾಸ್ಟರ್ ಮೂರು. ಒಂದೇ ಮಾದರಿಯದು ಇರಲಿ ಎಂದು ಒತ್ತಿ ಹೇಳುತ್ತೇನೆ. ದೊಡ್ಡವರ ಕೈಯಲ್ಲಿ ಹೆಚ್ಚು ಬಲದ್ದು ಇದ್ದರೆ ಮಕ್ಕಳ ಗೆಲುವು ದೊಡ್ಡವರು ಬಿಟ್ಟುಕೊಟ್ಟ ಗೆಲುವಾಗುತ್ತದೆ, ಅದು ಮಕ್ಕಳಿಗೆ ಕೂಡಲೇ ತಿಳಿಯುತ್ತದೆ. ಡಾರ್ಟುಗಳನ್ನು ತಲೆಗೆ ಹದಿನೆಂಟರಂತೆ, ಅಂದರೆ ಎಪ್ಪತ್ತರ ಸುಮಾರಿಗೆ ಇಟ್ಟುಕೊಳ್ಳಿ. ಕಪಾಟಿನ ಮೇಲೆ, ಸೋಫಾದ ಅಡಿಯಲ್ಲಿ, ಬಾಲ್ಕನಿಯಾಚೆ ಹೋಗುವುದು ಹೋಗಿಯೇ ಹೋಗುತ್ತದೆ.

ಮಾವನವರಿಗೆ ಆಟದಲ್ಲಿ ಒಳ್ಳೆಯ ಜಾಗವಿದೆ. ಅವರನ್ನು ಹಾಲಿನ ಒಂದು ತುದಿಯಲ್ಲಿ ಕೈಯಿರುವ ಕುರ್ಚಿಯಲ್ಲಿ ಕೂರಿಸಿ, ಕೋಟೆ ಕಾಯುವ ಕೆಲಸ ಒಪ್ಪಿಸಿ. ಮಕ್ಕಳು ಪೆಟ್ಟು ತಿನ್ನದೆ ಕುರ್ಚಿಯ ಪಕ್ಕದ ಸ್ಟೂಲಿನ ಮೇಲಿರುವ ಟೊಪ್ಪಿಗೆಯನ್ನು ಮುಟ್ಟಬೇಕು. ಏಳಬೇಕಿಲ್ಲ, ಓಡಬೇಕಿಲ್ಲ, ಆದರೆ ಕುರ್ಚಿಯ ಮೇಲೆ ಕುಳಿತವರಿಗೆ ಗುರಿ ಸ್ಥಿರವಾಗಿ ನಿಲ್ಲುವುದರಿಂದ ಅವರೇ ಎಲ್ಲರಿಗಿಂತ ಗಟ್ಟಿ ಎದುರಾಳಿಯಾಗುತ್ತಾರೆ. ನೆಲದ ಮೇಲೆ ಬಿದ್ದ ಡಾರ್ಟ್ ಮೇಲೆ ಕಾಲಿಟ್ಟರೆ ನುಣುಪಾದ ಟೈಲ್ಸಿನಲ್ಲಿ ಜಾರುವುದುಂಟು, ಆದ್ದರಿಂದ ಅವರು ಕುರ್ಚಿ ಬಿಟ್ಟು ಏಳುವ ಮೊದಲು ದಾರಿಯನ್ನು ಮಕ್ಕಳಿಂದ ಹೆಕ್ಕಿಸಿ. ಉಳಿದ ನಿಯಮಗಳು ಮೂರೇ ಇದ್ದರೆ ಪಾಲಿಸಲು ಸುಲಭ: ಭುಜದಿಂದ ಮೇಲೆ ಗುರಿಯಿಡಬಾರದು, ಎರಡು ಮಾರು ಅಂತರದೊಳಗೆ ಹಾರಿಸಬಾರದು, ಕನ್ನಡಕ ತೆಗೆದವರು ಯಾರಾದರೂ ಕಂಡೊಡನೆ “ನಿಲ್ಲಿ” ಎಂದು ಕೂಗಿದರೆ ಎಲ್ಲರೂ ಬ್ಲಾಸ್ಟರ್ ತಗ್ಗಿಸಬೇಕು.

ಊರಿನ ಅಂಗಳದ ಲೆಕ್ಕ ಬೇರೆ. ಅಲ್ಲಿ ಗಾಳಿ ಬೀಸಿದರೆ ಡಾರ್ಟ್ ಓರೆಯಾಗುತ್ತದೆ, ಹತ್ತು ಮೀಟರಿನಾಚೆಗೆ ಗುರಿಯೆಂಬುದಿಲ್ಲ. ಓಡಿ ಹತ್ತಿರ ಬಂದು ಹಾರಿಸಬೇಕಾದ್ದರಿಂದ ಆಟ ಇನ್ನೂ ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಕೊಡುವುದು ಮಣ್ಣು. ಅಂಗಳದ ಮರಳು ಅಂಟಿದ ಡಾರ್ಟನ್ನು ಹಾಗೆಯೇ ಡ್ರಮ್ಮಿಗೆ ತುರುಕಿದರೆ ಕಾಳುಗಳು ಒಳಗೆ ಸೇರಿ ತಿರುಗುವ ಜಾಗ ಸಿಕ್ಕಿಕೊಳ್ಳುತ್ತದೆ, ಹಾರುವಾಗ ಆ ಮರಳು ಕಣ್ಣಿಗೂ ಬರುತ್ತದೆ. ತುಂಬುವ ಮೊದಲು ತೊಡೆಗೆ ಒರೆಸಿಕೊಳ್ಳುವ ಅಭ್ಯಾಸ ಮಾಡಿಸಿ. ಮಲೆನಾಡಿನಲ್ಲಿ ಬೇಸಿಗೆಯ ಕೊನೆಗೆ ಮಳೆ ಬೀಳುವುದು ಮಾಮೂಲು. ನೆನೆದ ಫೋಮ್ ನೀರು ಹೀರಿ ತೂಕ ಹೆಚ್ಚಿಸಿಕೊಂಡು ಸೋತು ಬೀಳುತ್ತದೆ. ಹಿಂಡದೆ ನೆರಳಿನಲ್ಲಿ ಹರಡಿ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ಫೋಮ್ ಪುಡಿಪುಡಿಯಾಗತೊಡಗುತ್ತದೆ. ಕೋಳಿ, ದನ, ನಾಯಿಗಳತ್ತ ಗುರಿಯಿಡಬಾರದೆಂದು ಮಕ್ಕಳಿಗೆ ಹೊರಡುವ ಮೊದಲೇ ಹೇಳಿಡಿ. ಎಲ್ಲ ಕಡೆಯೂ ಆಟ ಮುಗಿದ ಮೇಲೆ ಡ್ರಮ್ ಖಾಲಿ ಮಾಡಿ, ಟ್ರಿಗರ್ ಒತ್ತಿ ಸ್ಪ್ರಿಂಗ್ ಸಡಿಲಿಸಿ ಇಡಿ. ರಾತ್ರಿಯೆಲ್ಲ ಎಳೆದೇ ಬಿಟ್ಟ ಸ್ಪ್ರಿಂಗ್ ದಿನ ಕಳೆದಂತೆ ಸೊರಗುತ್ತದೆ, ಡ್ರಮ್ಮಿನಲ್ಲೇ ಉಳಿದ ಡಾರ್ಟ್ ಸೊಟ್ಟಗಾಗುತ್ತದೆ.

ಹಲವು ಬ್ಲಾಸ್ಟರುಗಳ ಒಳಗೆ ಡಾರ್ಟ್ ಇಲ್ಲದಿದ್ದಾಗ ಗಾಳಿಯನ್ನು ತಡೆಯುವ ಸಣ್ಣ ಕವಾಟವಿರುತ್ತದೆ. ಪೆನ್ಸಿಲ್ಲು, ಕಡ್ಡಿ ತುರುಕಿ ಹಾರಿಸಲಾಗದಂತೆ ಮಾಡುವುದು ಅದರ ಒಂದು ಕೆಲಸ. ಅದನ್ನು ಕಿತ್ತರೆ ಬಲ ಹೆಚ್ಚುತ್ತದೆಂದು ಹೇಳುವ ಸ್ನೇಹಿತರು ಮಗಳಿಗೆ ಮುಂದೆ ಸಿಗಬಹುದು. ಸ್ಕ್ರೂ ಡ್ರೈವರ್ ಕೇಳಿಕೊಂಡು ಬಂದಾಗ ಏಕೆಂದು ವಿಚಾರಿಸಿ.

ಕೊನೆಗೆ ಮಗನ ಮೋಟಾರಿನ ಆಸೆ. ಅದನ್ನು ಸಾರಾಸಗಟಾಗಿ ಅಲ್ಲಗಳೆಯಬೇಕಾಗಿಲ್ಲ. ಸ್ಪ್ರಿಂಗ್ ಬ್ಲಾಸ್ಟರನ್ನು ತಾನೇ ತುಂಬಿ, ಸಿಕ್ಕಿಕೊಂಡ ಡಾರ್ಟನ್ನು ತಾನೇ ಬಿಡಿಸಿ, ಆಟ ಮುಗಿದ ಮೇಲೆ ತಾನೇ ಎಣಿಸಿ ಎತ್ತಿಡುವುದು ಅವನಿಗೆ ರೂಢಿಯಾದ ಮೇಲೆ, ಎಂಟು ವರ್ಷ ತುಂಬಿದಾಗ, ಎಲೀಟ್ ಡಾರ್ಟನ್ನೇ ಹಾರಿಸುವ, ಒಂದು ಒತ್ತಿಗೆ ಒಂದೇ ಡಾರ್ಟ್ ಬಿಡುವ ಮೋಟಾರ್ ಬ್ಲಾಸ್ಟರ್ ಕೊಡಿಸಬಹುದು. ಆಗ ಮನೆಯಲ್ಲಿರುವ ಡಾರ್ಟುಗಳೇ ಅದಕ್ಕೂ ಆಗುತ್ತವೆ, ಆಲ್ಕಲೈನ್ ಸೆಲ್ ನಾಲ್ಕು ತಂದರೆ ಆಯಿತು.